ಮೂರು ಸುತ್ತು, ಒಂದು ಬಾಗಿಲು

ಜನವರಿಯ ಒಂದು ಶನಿವಾರ, ಮಧ್ಯಾಹ್ನ ಒಂದೂವರೆಗೆ, ಮೋರ್ಕಂಬ್ ಊರಿನ ಸಮುದ್ರದಂಡೆಯ ನಮ್ಮ ಥಿಯೇಟರಿನಲ್ಲಿ ಪರ್ಸಿ ಕ್ಲೆಗ್ ಸಿಳ್ಳೆ ಹಾಕಿದ. ಆದದ್ದೆಲ್ಲ ಅದರಿಂದಲೇ.

ಹಾಕಿದ್ದು ಖುಷಿಗೆ. ಇಪ್ಪತ್ತೆರಡು ವರ್ಷ ಮುದುಕಿಯ ಪಾತ್ರ ಮಾಡಿ ಊರೂರಿನ ಮಕ್ಕಳನ್ನು ನಗಿಸಿದವನು. ಅವತ್ತು ಎರಡು ಗಂಟೆಯ ಆಟಕ್ಕೆ ಲಂಡನ್ನಿನಿಂದ ಲೆವಿನ್ ಎಂಬ ಸಿನಿಮಾದವರು ಹೊಸ ಹಾಸ್ಯನಟನನ್ನು ಹುಡುಕಿಕೊಂಡು ಬರುವವರಿದ್ದರು.

ಬಟ್ಟೆ ನೋಡಿಕೊಳ್ಳುವ ನೆಲ್ಲಿ ಸೂಜಿ ಕೆಳಗಿಟ್ಟಳು. "ಬಣ್ಣದ ಮನೇಲಿ ಸಿಳ್ಳೆನಾ? ಅಪಶಕುನ. ನಡಿ ಹೊರಗೆ. ಮೂರು ಸುತ್ತು ಸುತ್ತಿ, ಬಾಗಿಲು ತಟ್ಟಿ, ತಪ್ಪಾಯ್ತು ಅಂತ ಕೇಳ್ಕೊಂಡು ಒಳಗೆ ಬಾ."

"ಇಲ್ಲೇ ಸುತ್ತಿದ್ರೆ ಸಾಲದಾ? ಹೊರಗೆ ಚಳಿ ಕಣೇ."

"ಹೋದ ವರ್ಷ ನೀನು ಹಂಗೇ ಮಾಡಿದ್ದೆ. ಮೇಲಿನ ಪರದೆ ಯಾರ ತಲೆ ಮೇಲೆ ಬಿತ್ತು?"

ಪರ್ಸಿ ತಲೆ ಮುಟ್ಟಿಕೊಂಡು ಎದ್ದ. ಉಬ್ಬಿದ ಲಂಗ, ಕೆಂಪು ಕೆನ್ನೆ, ಬಟ್ಟೆಯ ಮೀನು ಸಿಕ್ಕಿಸಿದ ಟೋಪಿ, ಅದಕ್ಕೆ ಹೊಲಿದ ಕೃತಕ ಕೂದಲು. ಓಣಿಯಲ್ಲಿ ಬುಗುರಿಯಂತೆ ಮೂರು ಸುತ್ತು ಸುತ್ತಿ ಹಿಂಬಾಗಿಲು ತಟ್ಟಿದ.

ಬಾಗಿಲು ಕಾಯುವ ಹಿಂಡ್ಲ್ ಬಂದು ಮೂರು ದಿನವಾಗಿತ್ತು. ಮೊದಲು ರೈಲಿನಲ್ಲಿ ಟಿಕೆಟ್ ನೋಡುತ್ತಿದ್ದವನು. ಪರ್ಸಿ ಹೊರಬೀಳುವಾಗ ಚಹಾಕ್ಕೆ ನೀರಿಡಲು ಹೋಗಿದ್ದ. ಈಗ ಕಿಂಡಿಯಲ್ಲಿ ಮುಖ ತೋರಿಸಿದ, ಬೀಗ ಹಾಕಿದ ಪೆಟ್ಟಿಗೆಯಂಥ ಮುಖ.

"ಯಾರಮ್ಮ?"

"ಪರ್ಸಿ ಕ್ಲೆಗ್ ಕಣಯ್ಯ."

ಹಿಂಡ್ಲ್ ಬಂದುಹೋಗುವವರ ಹೆಸರು, ವೇಳೆ ಬರೆಯುವ ಪುಸ್ತಕ ತಿರುವಿದ. "ಅವರು ಒಂದು ಗಂಟೆಗೆ ಒಳಗೆ ಹೋಗಿದಾರೆ. ಹೊರಗೆ ಬಂದದ್ದು ಬರೆದಿಲ್ಲ."

"ನಾನೇ ಅವನು."

"ಒಳಗಿರೋರು ಹೊರಗೆ ಹೆಂಗಿರ್ತಾರಮ್ಮ?"

ಎದುರಿನ ಸಿಗಡಿ ಅಂಗಡಿಯ ಡೋರಾ ಕೂಗಿ ಹೇಳಿದಳು: "ಒಳಗೆ ಬಿಡಪ್ಪ, ಪಾಪ. ಆ ಪರ್ಸಿ ಏನು ಮಾತು ಕೊಟ್ಟಿದ್ನೋ ಈಕೆಗೆ." ಅವಳ ಅಂಗಡಿ ಮುಂದೆ ಕಾಗದದ ಪೊಟ್ಟಣದಿಂದ ಸಿಗಡಿ ತಿನ್ನುತ್ತಿದ್ದ ಕಂದು ಕೋಟಿನವನೊಬ್ಬ ಕಿಸಕ್ಕೆಂದ.

ಪರ್ಸಿ ಟೋಪಿ ಕಿತ್ತ. "ನೋಡು, ಬೋಳು. ನಂಬ್ತೀಯಾ?"

"ನಮ್ಮತ್ತೇನೂ ಬೋಳೇ," ಎಂದ ಹಿಂಡ್ಲ್, ನಗದೆ.

ಅಷ್ಟರಲ್ಲಿ ಕಡಲಹಕ್ಕಿಯೊಂದು ಮೀನು ನಿಜವೆಂದು ನಂಬಿ, ಟೋಪಿಯನ್ನು ಕೂದಲ ಸಮೇತ ಹಾರಿಸಿಕೊಂಡು ಹೋಯಿತು. ಕಂದು ಕೋಟಿನವನು ಗೋಡೆಗೆ ಒರಗಿ ಕಣ್ಣೊರೆಸಿಕೊಂಡ.

"ನಿಮಗೇನ್ರೀ ಹಲ್ಲು ಬಿಡೋಕೆ? ಸಿಗಡಿ ತಿಂದು ಮನೆಗೆ ಹೋಗಿ," ಎಂದು ಪರ್ಸಿ ಅವನ ಮೇಲೆ ರೇಗಿದ.

ಎರಡಕ್ಕೆ ಎರಡು ನಿಮಿಷವಿದ್ದಾಗ ನೆಲ್ಲಿ ಹುಡುಕಿಕೊಂಡು ಬಂದು ಒಳಗಿನಿಂದ ಅಗಳಿ ತೆಗೆದಳು. ಪರ್ಸಿ ಬೋಳುತಲೆಯಲ್ಲೇ ಆಡಿದ. ಅಷ್ಟು ಚೆನ್ನಾಗಿ ಅವನು ಯಾವತ್ತೂ ಆಡಿದ್ದು ನಾನು ಕಂಡಿಲ್ಲ. ಆದರೆ ಮೊದಲ ಸಾಲಿನಲ್ಲಿ ಲೆವಿನ್ನರ ಕುರ್ಚಿ ಕೊನೆಯತನಕ ಖಾಲಿ.

ಆಟ ಮುಗಿಸಿ ಹಿಂಬಾಗಿಲಿಗೆ ಬಂದರೆ ಕಂದು ಕೋಟಿನವನು ಅಲ್ಲಿ ನಿಂತಿದ್ದ.

"ನಾನು ಲೆವಿನ್. ಆಟಕ್ಕೆ ಬರೋಕಾಗಲಿಲ್ಲ, ತಪ್ಪು ತಿಳೀಬೇಡಿ. ಬೇಕಾದವರು ಬಾಗಿಲಲ್ಲೇ ಸಿಕ್ಕಿಬಿಟ್ರು."

ಪರ್ಸಿ ಲಂಗಕ್ಕೆ ಕೈ ಒರೆಸಿ ಮುಂದೆ ಚಾಚಿದ. ಲೆವಿನ್ ಆ ಕೈಯನ್ನು ದಾಟಿ ಹೋಗಿ ಹಿಂಡ್ಲ್‌ನ ಕೈ ಹಿಡಿದರು. "ಇಂಥ ಮುಖಕ್ಕಾಗಿ ಹತ್ತು ವರ್ಷ ಅಲೆದಿದೀನಿ ಸ್ವಾಮಿ."

"ಮೊದಲು ಪುಸ್ತಕದಲ್ಲಿ ಹೆಸರು ಬರೀರಿ," ಎಂದ ಹಿಂಡ್ಲ್.

ಪರ್ಸಿ ಮುದುಕಿಯಾಗಿಯೇ ಉಳಿದ. ಆ ಪುಸ್ತಕದ ಪ್ರಕಾರ ಅವನು ಆ ಶನಿವಾರದಿಂದ ಇಂದಿನವರೆಗೂ ಥಿಯೇಟರಿನ ಒಳಗೇ ಇದ್ದಾನೆ. ಹೊರಗೆ ಬಂದದ್ದನ್ನು ಯಾರೂ ಬರೆಯಲಿಲ್ಲ. ಹಿಂಡ್ಲ್ ಮಾತ್ರ ತನ್ನ ಹೆಸರಿನ ಮುಂದೆ ಹೊರಗೆ ಹೋದ ವೇಳೆಯನ್ನು ನೀಟಾಗಿ ಬರೆದಿಟ್ಟು, ಸೋಮವಾರ ಬೆಳಿಗ್ಗೆ ಹತ್ತರ ರೈಲಿಗೆ ಲಂಡನ್ನಿಗೆ ಹೊರಟುಹೋದ.