ಕಾರ್ಡ್ ಬಂತು, ಕಳಚು ಪಾಲಾಕ್ಷ!

ಗಂಡನಾದವನು ಜೀವಮಾನದಲ್ಲಿ ಒಮ್ಮೆಯಾದರೂ ಹೆಂಡತಿಯ ಕಂಪ್ಯೂಟರನ್ನು ತನ್ನ ಕೈಯಾರೆ ಉದ್ಧಾರ ಮಾಡಬೇಕು ಎಂದು ನಾನು ಘೋಷಿಸಿದ್ದು ಒಂದು ಶುಕ್ರವಾರ ಬೆಳಿಗ್ಗೆ, ಮಂಡಕ್ಕಿ ಒಗ್ಗರಣೆ ತಿನ್ನುತ್ತಾ. ಕೇಳಿಸಿಕೊಂಡವರು ಇಬ್ಬರು. ಹೆಂಡತಿ ಮಂಗಳಗೌರಿ ತಲೆ ಎತ್ತಲಿಲ್ಲ. ನಮ್ಮವ್ವ, "ಇನ್ನೊಂದೀಟು ಹಾಕ್ಲಾ?" ಎಂದಳು. ಘೋಷಣೆಗೆ ಸಿಕ್ಕ ಸ್ವಾಗತ ಅಷ್ಟೇ!

ನಾನು ವೀರೇಶ. ಚಳ್ಳಕೆರೆಯಲ್ಲಿ ಜಂಬುಲಿಂಗಪ್ಪ ಸಾಹುಕಾರರ ಎಣ್ಣೆ ಮಿಲ್ಲಿನ ಮ್ಯಾನೇಜರ್. ನನಗೆ ಕಂಪ್ಯೂಟರ್ ಚೆನ್ನಾಗಿ ಗೊತ್ತು ಎಂಬುದು ಮಿಲ್ಲಿನಲ್ಲಿ ಎಲ್ಲರಿಗೂ ತಿಳಿದ ವಿಷಯ. ಏಕೆಂದರೆ ಪ್ರಿಂಟರಿನಲ್ಲಿ ಸಿಕ್ಕಿಕೊಂಡ ಹಾಳೆಯನ್ನು ಹರಿಯದಂತೆ ಎಳೆಯಬಲ್ಲವನು ನಾನೊಬ್ಬನೇ.

ಮಂಗಳಗೌರಿಯದು ಸೀರೆಗೆ ಡಿಸೈನ್ ಬಿಡಿಸುವ ಕೆಲಸ. ಕಂಪ್ಯೂಟರಿನಲ್ಲಿ ಅವಳು ಚೌಕಳಿ ಚೌಕಳಿಯಾಗಿ ತುಂಬಿದ್ದು ಮೊಳಕಾಲ್ಮುರಿನ ಮಗ್ಗಕ್ಕೆ ಹೋಗುತ್ತದೆ. ಮಗ್ಗಕ್ಕೆ ಕಂಪ್ಯೂಟರಿನ ಭಾಷೆ ಬಾರದು, ಅದಕ್ಕೆ ತಿಳಿಯುವುದು ತೂತು. ಉದ್ದನೆಯ ರಟ್ಟಿನ ಪಟ್ಟಿಗಳಲ್ಲಿ ತೂತು ಹೊಡೆಸಿ, ಸರದಂತೆ ಪೋಣಿಸಿ ಮಗ್ಗದ ಮೇಲೆ ನೇತುಹಾಕಿದರೆ, ತೂತಿರುವ ಕಡೆ ಎಳೆ ಮೇಲೇಳುತ್ತದೆ, ಇಲ್ಲದ ಕಡೆ ಸುಮ್ಮನಿರುತ್ತದೆ. ಹೀಗೆ ಹೂವೂ ಬಳ್ಳಿಯೂ ಮೂಡುತ್ತವೆ. ಈ ರಟ್ಟಿನ ಪಟ್ಟಿಗಳಿಗೆ ನೇಕಾರರು ಹೇಳುವ ಹೆಸರು 'ಕಾರ್ಡ್'. ಇದು ನನಗೆ ಗೊತ್ತಿತ್ತು. ಗೊತ್ತಿದ್ದವನೇ ಮುಂದಿನದನ್ನೆಲ್ಲ ಮಾಡಿದ ಎಂಬುದನ್ನು ದಯವಿಟ್ಟು ಗಮನಿಸಬೇಕು.

ಆ ಸಲ ಅವಳ ಕೈಯಲ್ಲಿದ್ದದ್ದು ನಮ್ಮ ಸಾಹುಕಾರರ ಮಗಳು ಶಿಲ್ಪಾಳ ಆರತಕ್ಷತೆಯ ರೇಷ್ಮೆ ಸೀರೆ. ಸಾಹುಕಾರರು ಅವಳನ್ನು ಕರೆಸಿ, "ನವಿಲು ಎಲ್ಲಾರ ಸೆರಗಿನಾಗೂ ಐತಮ್ಮ. ನವಿಲು ನಮಗೇನು ಕೊಟ್ಟೈತೆ? ನಮಗೆ ಅನ್ನ ಹಾಕಿದ್ದು ಶೇಂಗಾ. ಸೆರಗಿನ ತುಂಬ ಶೇಂಗಾ ಬಳ್ಳಿ ಇರ್ಲಿ" ಎಂದಿದ್ದರು. ಸೋಮವಾರದ ಹೊತ್ತಿಗೆ ಕಾರ್ಡು ಹೊಡೆಸಿ ಕೊಟ್ಟರೆ ಮೊಳಕಾಲ್ಮುರಿನ ಪಾಲಾಕ್ಷ ನೇಯಲು ಕೂರುತ್ತಾನೆ. ಅವಳಿಗೆ ಇಷ್ಟು ದೊಡ್ಡ ಮನೆಯ ಕೆಲಸ ಸಿಕ್ಕಿದ್ದು ಅದೇ ಮೊದಲು. ಹೆಚ್ಚುಕಡಿಮೆಯಾದರೆ ಅವಳ ಹೆಸರು ಹೋಗುತ್ತದೆ, ನನ್ನ ಕುರ್ಚಿ ಹೋಗುತ್ತದೆ.

ಇಂಥ ಹೊತ್ತಿನಲ್ಲಿ ಅವಳ ಬಾಯಿಂದ ಒಂದು ಮಾತು ಜಾರಿತು: "ಸೆರಗು ದೊಡ್ಡದು ಮಾಡಿ ನೋಡಿದ್ರೆ ಕಂಪ್ಯೂಟರ್ ಸ್ವಲ್ಪ ನಿಧಾನ ಆಗ್ತೈತೆ."

'ಸ್ವಲ್ಪ' ಎಂಬ ಪದವನ್ನು ನನ್ನ ಕಿವಿ ಕೈಬಿಟ್ಟಿತು.

ನೆಟ್ಟಗೆ ಮುರುಗೇಶನ ಹಳೇ ಕಂಪ್ಯೂಟರ್ ಅಂಗಡಿಗೆ ಹೋದೆ. ಅವನು ಧೂಳು ಒರೆಸಿ ಮೇಜಿನ ಮೇಲಿಟ್ಟ, ಪರದೆಯ ಚಿತ್ರವನ್ನು ಚುರುಕು ಮಾಡುವ ಗ್ರಾಫಿಕ್ಸ್ ಕಾರ್ಡು ಇಟ್ಟಿಗೆಯಷ್ಟು ಭಾರ, ಒಂಬತ್ತೂವರೆ ಇಂಚು ಉದ್ದ.

"ಅಸ್ಲಿ ಮಾಲು ಸಾರ್. ಹನ್ನೆರಡು ವರ್ಷ ಹಳೇದು, ಆದ್ರೂ ಗೇಮ್ ಆಡೋರದ್ದಲ್ಲ. ಇಂಜಿನಿಯರ್‌ಗಳು ಇಟ್ಕಂಡಿದ್ದು, ಪ್ರೊಫೆಷನಲ್! ನಿಮ್ಮ ಸಿಸ್ಟಮ್ ತಗಂಬರ್ರಿ, ನಾನೇ ಕುಂದ್ರಿಸಿ ಕೊಡ್ತೀನಿ."

"ಮಿಲ್ಲು ನಡೆಸೋನಿಗೆ ಕಾರ್ಡು ಕುಂದ್ರಿಸೋಕೆ ಬರಲ್ವೇನೋ?" ಎಂದು ನಕ್ಕು, ಅದರ ಗುಣವಿಶೇಷಗಳ ಹಾಳೆಯನ್ನು ವರನ ಜಾತಕದಂತೆ ಮಡಿಸಿ ಜೇಬಿಗಿಟ್ಟುಕೊಂಡು ಬಂದೆ.

ಮನೆಯಲ್ಲಿ ಆ ಹಾಳೆಯನ್ನು ನಿಂತು ಓದಿದೆ.

"ನಾಲ್ಕು ಜಿಬಿ ಮೆಮೊರಿ! ಇನ್ನೂರೈವತ್ತಾರು ಬಿಟ್ ಬಸ್ಸು!"

"ಬಸ್ಸಾ? ಮೊಳಕಾಲ್ಮುರಿಗೆ ಹೋಗ್ತೈತಾ?" ಎಂದಳು ಮಂಗಳಗೌರಿ.

"ಸೆಕೆಂಡಿಗೆ ಎರಡು ಲಕ್ಷ ಕೋಟಿ ಲೆಕ್ಕ ಮಾಡುತ್ತೆ ಕಣೇ! ಅಷ್ಟೇ ಅಲ್ಲ, ಈ ಜಾತಿ ಕಾರ್ಡುಗಳಲ್ಲಿ ತನ್ನ ತಪ್ಪನ್ನ ತಾನೇ ತಿದ್ದಿಕೊಳ್ಳೋ ಮೆಮೊರಿ ಇರೋವೂ ಅದಾವೆ!"

"ಅಂಥದ್ದು ಸಿಕ್ಕಿದ್ರೆ ಕಂಪ್ಯೂಟರಿಗೆ ಬೇಡ, ನೀವೇ ಹಾಕಿಸ್ಕಳ್ರಿ."

ಅವ್ವ ಬಾಗಿಲಿಗೆ ಬಂದು ಕಾರ್ಡನ್ನು ದಿಟ್ಟಿಸಿದಳು. "ಹಳೇ ಕಾರ್ಡ್ ಯಾಕೆ ತಂದ್ಯೋ? ಹೊಸದಕ್ಕೆ ಅರ್ಜಿ ಹಾಕಿದ್ರೆ ಅಕ್ಕಿನಾದ್ರೂ ಕೊಡ್ತಿದ್ರು."

ಮಹಾಕಾರ್ಯಗಳಿಗೆ ಮನೆಯವರ ಪ್ರೋತ್ಸಾಹ ಎಂದೂ ಸಿಕ್ಕಿಲ್ಲ. ಮಂಗಳಗೌರಿ, "ರೀ, ಸೋಮವಾರ ಮುಗೀಲಿ, ಆಮೇಲೆ ಮುಟ್ರಿ" ಎಂದು ಹೇಳಿ ಶನಿವಾರ ಮಧ್ಯಾಹ್ನ ಜರಿಯ ಬಣ್ಣ ತೋರಿಸಲು ಸಾಹುಕಾರರ ಮನೆಗೆ ಹೋದಳು. ಅವಳು ತಿರುಗಿ ಬರುವಷ್ಟರಲ್ಲಿ ಅಚ್ಚರಿ ಸಿದ್ಧವಾಗಿರಬೇಕೆಂದು ನಾನು ಸ್ಕ್ರೂಡ್ರೈವರ್ ಹಿಡಿದೆ.

ಕಂಪ್ಯೂಟರಿನ ಡಬ್ಬಿ ತೆರೆದೆ. ಕಾರ್ಡು ಒಂಬತ್ತೂವರೆ ಇಂಚು, ಒಳಗಿದ್ದ ಜಾಗ ಏಳೂಮುಕ್ಕಾಲು. ಹಾರ್ಡ್ ಡಿಸ್ಕ್ ಕುಳಿತ ತಗಡಿನ ಗೂಡು ಅಡ್ಡ ಬಂದಿತ್ತು. ಮಿಲ್ಲಿನಿಂದ ಆಕ್ಸಾ ಬ್ಲೇಡು ತರಿಸಿ ಗೂಡನ್ನೇ ಕುಯ್ದೆ. ಹಾರ್ಡ್ ಡಿಸ್ಕನ್ನು ತಂತಿಯ ಸಮೇತ ಎತ್ತಿ ಅವ್ವನ ಅಡಕೆ ಡಬ್ಬಿಯ ಮೇಲೆ ಕೂರಿಸಿದೆ.

ಅಷ್ಟರಲ್ಲಿ ಫೋನು. ಪಾಲಾಕ್ಷ.

"ಅಣ್ಣಾ, ಅಕ್ಕನ ಫೋನು ಹತ್ತವಲ್ದು. ಕಾರ್ಡ್ ಬಂತಾ?"

"ಬಂತು ಪಾಲಾಕ್ಷ! ಕೈಯಾಗೇ ಐತೆ!"

"ಹಂಗಾರೆ ಹಳೇದು ಕಳಚಿ ಬಿಡ್ಲಾ?"

"ಕಳಚು ಮಾರಾಯ! ನಾನೂ ಕಳಚ್ತಾ ಇದೀನಿ!"

"ಸರಿ ಬಿಡಣ್ಣಾ" ಎಂದು ಅವನು ಫೋನಿಟ್ಟ. ಆಗ ಅವನ ಮಗ್ಗದ ಮೇಲೆ ರಾಂಪುರದ ಯಾರದೋ ಸೀರೆಯ ಕಾರ್ಡುಗಳಿದ್ದವು. ಅವೆಲ್ಲವನ್ನೂ ಬಿಚ್ಚಿ, ಆ ಗಿರಾಕಿಗೆ ಮುಂದಿನ ತಿಂಗಳು ಎಂದು ಹೇಳಿ, ಶಿಲ್ಪಾಳ ಸೀರೆಗೆಂದು ಮಗ್ಗ ಖಾಲಿ ಮಾಡಿ, ಅವನು ಕಾಯುತ್ತಾ ಕುಳಿತ. ನಾನು ಮಾತ್ರ ಆ ಮಾತನ್ನು ಇಬ್ಬರು ತಂತ್ರಜ್ಞರ ಸೌಹಾರ್ದ ಸಂಭಾಷಣೆ ಎಂದುಕೊಂಡಿದ್ದೆ!

ಕಾರ್ಡಿಗೆ ಬೇರೆಯೇ ಕರೆಂಟು ಬೇಕಿತ್ತು, ನೂರೈವತ್ತು ವ್ಯಾಟ್. ನಮ್ಮ ಕಂಪ್ಯೂಟರಿನ ಪವರ್ ಸಪ್ಲೈ ಮದುವೆ ಊಟಕ್ಕೆ ಬಂದ ಬಡಕಲು ನೆಂಟನಂಥದ್ದು. ಅದರ ಎರಡು ವೈರು ಸೇರಿಸಿ ಒಂದು ಮಾಡಿ ತುರುಕಿದೆ. ಕೊನೆಗೆ ಮಾನಿಟರ್ ವೈರು. ಕಾರ್ಡಿನ ಬೆನ್ನಿಗೆ ನಾಲ್ಕು ಕಿಂಡಿಗಳು. ನಾಲ್ಕಕ್ಕೆ ನಾಲ್ಕು ಮಾನಿಟರ್ ಹಾಕಬಹುದು ಎಂದು ಹಾಳೆ ಜಂಬ ಕೊಚ್ಚಿತ್ತು. ನಮ್ಮಲ್ಲಿದ್ದ ಒಂದೇ ಒಂದು ಮಾನಿಟರಿನ ನೀಲಿ ಪಿನ್ನು ನಾಲ್ಕರಲ್ಲಿ ಒಂದಕ್ಕೂ ಹೋಗಲಿಲ್ಲ! ಮುರುಗೇಶನಲ್ಲಿಗೆ ಓಡಿ ಪರಿವರ್ತಕ ತಂದೆ. ಅವನು, "ಪವರ್ ಸಪ್ಲೈ ಎಷ್ಟರದ್ದು ಸಾರ್?" ಎಂದು ಹಿಂದಿನಿಂದ ಕೂಗಿದ. ಆಟೋ ಹೊರಟಿತ್ತು.

ಸ್ವಿಚ್ ಒತ್ತಿದೆ. ಫ್ಯಾನು ನಮ್ಮ ಮಿಲ್ಲಿನ ಯಂತ್ರದಂತೆ ಭೋರ್ಗರೆಯಿತು. ಸೀರೆಯ ಫೈಲು ತೆರೆದೆ. ಪರದೆಯ ಮೇಲೆ ಶೇಂಗಾ ಬಳ್ಳಿಯ ಸೆರಗು ಅಂಚಿನಿಂದ ಅಂಚಿಗೆ ಕಣ್ಣು ಕೋರೈಸುವಂತೆ ಬೆಳಗಿತು. "ಅವ್ವಾ, ಬಾ ನೋಡು!" ಎಂದೆ. ಅವ್ವ ಬಂದಳು. ಠಪ್!

ಹೊಗೆ. ಮನೆಯ ಕರೆಂಟೂ ಹೋಯಿತು.

"ಇದನ್ನೇನಾ ನೋಡು ಅಂದಿದ್ದು?" ಎಂದಳು ಅವ್ವ.

ಮುರುಗೇಶ ಬಂದು ಒಂದೊಂದನ್ನೇ ಪರೀಕ್ಷಿಸಿ ತೀರ್ಪು ಕೊಟ್ಟ. ಪವರ್ ಸಪ್ಲೈ ಸತ್ತಿದೆ. ಸಾಯುವಾಗ ಸೀರೆಯ ಡಿಸೈನ್ ತುಂಬಿದ್ದ ಹಾರ್ಡ್ ಡಿಸ್ಕನ್ನೂ ಮದರ್‌ಬೋರ್ಡನ್ನೂ ಜೊತೆಗೆ ಕರೆದುಕೊಂಡು ಹೋಗಿದೆ. ಗ್ರಾಫಿಕ್ಸ್ ಕಾರ್ಡು ಮಾತ್ರ ಗಟ್ಟಿಯಾಗಿದೆ. "ಹೇಳ್ಲಿಲ್ವಾ ಸಾರ್, ಅಸ್ಲಿ ಮಾಲು!"

ಆಗಲೇ ಮಂಗಳಗೌರಿ ಬಾಗಿಲಲ್ಲಿ ನಿಂತಿದ್ದಳು. ಕುಯ್ದ ಗೂಡನ್ನೂ ಅಡಕೆ ಡಬ್ಬಿಯನ್ನೂ ನೋಡಿ, ಕುರ್ಚಿ ಎಳೆದು ಕುಳಿತಳು.

"ಆ ಕಂಪ್ಯೂಟರಿಗೆ ಏನಾಗಿತ್ತು ಗೊತ್ತೇನ್ರೀ? ಸೆರಗು ದೊಡ್ಡದು ಮಾಡಿದಾಗ ಮೂರು ಸೆಕೆಂಡು ತಡ ಆಗ್ತಿತ್ತು. ಆ ಮೂರು ಸೆಕೆಂಡಿನಾಗೆ ನಾನು ಚಾ ಕುಡೀತಿದ್ದೆ. ನನಗೇನೂ ತೊಂದ್ರೆ ಇರ್ಲಿಲ್ಲ."

ಅಷ್ಟರಲ್ಲಿ ಅವಳ ಫೋನಿಗೆ ಪಾಲಾಕ್ಷ. "ಅಕ್ಕಾ, ಕಾರ್ಡ್ ಬಂತು ಅಂದ್ರು ಅಣ್ಣ. ಮಗ್ಗ ಖಾಲಿ ಮಾಡ್ಕಂಡು ಕುಂತೀನಿ. ಯಾವ ಬಸ್ಸಿಗೆ ಕಳಿಸ್ತೀರಿ?"

ಅವಳು ನನ್ನ ಕಡೆ ತಿರುಗಿದಳು. ನಾನು ಗೋಡೆಯ ಕ್ಯಾಲೆಂಡರಿನಲ್ಲಿ ಅಮಾವಾಸ್ಯೆ ಯಾವಾಗ ಎಂಬುದನ್ನು ಆಸಕ್ತಿಯಿಂದ ಹುಡುಕುತ್ತಿದ್ದೆ.

ಭಾನುವಾರ ಇಡೀ ದಿನ ಮಂಗಳಗೌರಿ ಗ್ರಾಫ್ ಹಾಳೆಗಳನ್ನು ಹರಡಿಕೊಂಡು, ನೆನಪಿನಿಂದ ಪೆನ್ಸಿಲ್ಲಿನಲ್ಲಿ ಚೌಕಳಿ ತುಂಬಿದಳು. ನಾನು ಪೆನ್ಸಿಲ್ ಚೂಪು ಮಾಡಿದೆ. ಬೇರೆ ಯಾವ ಕೆಲಸಕ್ಕೂ ಅಪ್ಪಣೆ ಇರಲಿಲ್ಲ. ಅವಳ ಬೆರಳು ಮರಗಟ್ಟಿ, ಕಣ್ಣು ಕೆಂಪಾಗಿದ್ದು ಕಂಡು ನನಗೆ ನಿಜಕ್ಕೂ ಸಂಕಟವಾಯಿತು. "ಮಂಗಳಾ, ಸ್ವಲ್ಪ ಮಲಕ್ಕಾ" ಎಂದೆ. "ನೀವು ಸ್ವಲ್ಪ ದೂರ ಕುಂದ್ರಿ" ಎಂದಳು.

ಸೋಮವಾರ ಬೆಳಿಗ್ಗೆ ಗ್ರಾಫ್ ಸಮೇತ ಇಬ್ಬರೂ ಮೊಳಕಾಲ್ಮುರಿಗೆ ಬಸ್ ಹತ್ತಿದೆವು. ಕಾರ್ಡು ಹೊಡೆಯುವ ಯಂತ್ರಕ್ಕೆ ಕಂಪ್ಯೂಟರಿನ ಫೈಲೇ ಬೇಕು, ಫೈಲು ಹೊಗೆಯಾಗಿತ್ತು. ಪಾಲಾಕ್ಷ ಅಟ್ಟದಿಂದ ತನ್ನ ತಂದೆಯ ಕಾಲದ ಕೈಪಂಚು, ಸುತ್ತಿಗೆ ತೆಗೆದು ನನ್ನ ಮುಂದಿಟ್ಟ.

"ನಾನು ಮಗ್ಗಕ್ಕೆ ಹಾಸಿನ ಎಳೆ ಹೂಡ್ಬೇಕು, ಅಕ್ಕ ಗ್ರಾಫ್ ಓದಿ ಹೇಳ್ಬೇಕು. ಇನ್ನು ಹೊಡಿಯೋಕೆ ನೀವೇ ಅಣ್ಣಾ."

ನಾನೂರಿಪ್ಪತ್ತು ಕಾರ್ಡು! ಸೆಕೆಂಡಿಗೆ ಎರಡು ಲಕ್ಷ ಕೋಟಿ ಲೆಕ್ಕದ ಕನಸು ಕಂಡವನು ನಿಮಿಷಕ್ಕೆ ಹನ್ನೊಂದು ತೂತಿನ ವೇಗದಲ್ಲಿ, ಎರಡು ದಿನ ಚಾಪೆಯ ಮೇಲೆ ಕುಳಿತು ಕುಟ್ಟಿದೆ. "ಎರಡು ತೂತು, ಮೂರು ಬಿಡಿ, ಒಂದು ತೂತು" ಎಂದು ಹೆಂಡತಿ ಮಂತ್ರ ಹೇಳುತ್ತಿದ್ದಳು, ನಾನು ಪೂಜೆ ಮಾಡುತ್ತಿದ್ದೆ. ಎರಡನೆಯ ದಿನ ಮಧ್ಯಾಹ್ನ ಮುದ್ದೆ ಉಂಡ ಮೇಲೆ ಕೆಲವು ಕಾರ್ಡುಗಳ ಹೊತ್ತು ನನ್ನ ಕಣ್ಣು ಮುಚ್ಚಿತ್ತು. ಕೈ ಮಾತ್ರ ಕುಟ್ಟುತ್ತಲೇ ಇತ್ತು. ಅದನ್ನು ಯಾರಿಗೂ ಹೇಳಲಿಲ್ಲ.

ಮಗ್ಗದ ಮೇಲೆ ಸೀರೆಯ ಮುಖ ಕೆಳಗಿರುತ್ತದೆ, ನೇಯುವವನಿಗೆ ಕಾಣುವುದು ಅದರ ಬೆನ್ನಿನ ಎಳೆಗಳ ಗೋಜಲು. ಆದ್ದರಿಂದ ಮೂರು ವಾರದ ನಂತರ, ಆರತಕ್ಷತೆಗೆ ಎರಡೇ ದಿನವಿರುವಾಗ ಪಾಲಾಕ್ಷ ಸೀರೆಯನ್ನು ಇಳಿಸಿ ತಿರುವಿ ಹಾಸಿದ ಮೇಲೆಯೇ ಅದು ಬೆಳಕಿಗೆ ಬಂದದ್ದು. ಬಳ್ಳಿ ಚೆನ್ನಾಗಿತ್ತು, ಎಲೆ ಚೆನ್ನಾಗಿತ್ತು. ಒಂದು ಸಾಲಿನ ಶೇಂಗಾಕ್ಕೆ ಮಾತ್ರ ಎರಡೆರಡು ಕಿವಿ, ಒಂದು ಕಣ್ಣು, ತೊಟ್ಟಿನ ಕಡೆ ಡೊಂಕು ಬಾಲ ಬಂದು, ಥೇಟ್ ಇಲಿಗಳಾಗಿದ್ದವು. ಒಂದು ಕಾರ್ಡಿನ ತಪ್ಪು ಸೆರಗಿನ ಅಗಲಕ್ಕೂ ಮರುಕಳಿಸುತ್ತದೆಯಂತೆ. ಹೀಗಾಗಿ ಇಲಿಗಳು ಒಂದಲ್ಲ, ಹದಿನಾರು!

ಪಾಲಾಕ್ಷ ತಲೆಯ ಮೇಲೆ ಕೈಹೊತ್ತ. ಮತ್ತೆ ಯಾರೂ ನೋಡಬಾರದೆಂದು ಆ ಕಾರ್ಡುಗಳನ್ನು ಆವತ್ತೇ ಕಿತ್ತು ನೀರೊಲೆಗೆ ಹಾಕಿದ.

ಬೇರೆ ಸೀರೆ ನೇಯಲು ಸಮಯವಿರಲಿಲ್ಲ. ಗಂಡಹೆಂಡಿರಿಬ್ಬರೂ ಸೀರೆ ಹಿಡಿದು ಸಾಹುಕಾರರ ಮನೆಯ ಮೆಟ್ಟಿಲು ಹತ್ತಿದೆವು. ಮಂಗಳಗೌರಿ ಬಾಯಿಬಿಡುವ ಮೊದಲೇ ಜಂಬುಲಿಂಗಪ್ಪನವರು ಸೆರಗು ಬಿಡಿಸಿ, ಕನ್ನಡಕ ಹಾಕಿಕೊಂಡು ಬಗ್ಗಿದರು.

"ಏನೋ ಇದು ವೀರೇಶಾ?"

"ಶೇಂಗಾ, ಸಾಹುಕಾರ್ರೇ."

"ಶೇಂಗಾಕ್ಕೆ ಕಿವಿ ಐತಲ್ಲೋ!"

ಮಂಗಳಗೌರಿಗೆ ಅಳು ಬಂತು. "ತಪ್ಪು ನಂದೇ ಸಾಹುಕಾರ್ರೇ, ಗ್ರಾಫ್ ನಾನೇ ಓದಿದ್ದು" ಎಂದಳು. ತಪ್ಪು ಯಾರದೆಂದು ನಾನು ಹೇಳದೆಯೇ ಅವಳಿಗೆ ಗೊತ್ತಿತ್ತು. ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. "ಇಲ್ಲ ಸಾಹುಕಾರ್ರೇ, ನಿದ್ದೆಗಣ್ಣಾಗೆ ನಾನೇ ಹೊಡ್ದಿದ್ದು!" ಎಂದು ಎಲ್ಲವನ್ನೂ ಒದರಿಬಿಟ್ಟೆ.

ಒಳಗಿನಿಂದ ಬಂದ ಶಿಲ್ಪಾ ಸೆರಗು ನೋಡಿ ಕಿಸಕ್ಕೆಂದಳು. "ಅಪ್ಪಾ, ನಮ್ಮ ಗೋಡೌನ್ ಇಲಿ! ಕದ್ದು ತಿನ್ನುವಾಗ ಸಿಕ್ಕಿಬಿದ್ದಂಗೆ ನೋಡ್ತೈತೆ. ನನಗೆ ಇದೇ ಬೇಕು!"

ಸಾಹುಕಾರರು ಇಲಿಯ ಮೇಲೆ ಬೆರಳಿಟ್ಟು, "ಮೂವತ್ತು ವರ್ಷದಿಂದ ಇದನ್ನ ಹಿಡಿಯೋಕೆ ನನ್ನ ಕೈಲಿ ಆಗಿರ್ಲಿಲ್ಲ ನೋಡು" ಎಂದು ನಕ್ಕರು.

ಆರತಕ್ಷತೆಯಲ್ಲಿ ವಧೂವರರನ್ನು ನೋಡಿದವರಿಗಿಂತ ಸೆರಗು ನೋಡಿದವರೇ ಹೆಚ್ಚು. ಒಂದೇ ವಾರದಲ್ಲಿ ಐದು ಮನೆಯವರು ಅದೇ ಇಲಿ ಬೇಕೆಂದು ಬಂದರು. ಇಲಿಯ ಕಾರ್ಡು ಬೂದಿಯಾಗಿತ್ತು, ಸೀರೆಯೋ ಶಿಲ್ಪಾಳ ಜೊತೆ ಅತ್ತೆಮನೆ ಸೇರಿತ್ತು. ಫೋಟೋ ನೋಡಿ ಎಳೆ ಎಣಿಸಲಾಗುವುದಿಲ್ಲ. ಮಂಗಳಗೌರಿ ಹೊಸದಾಗಿ ಒಂದು ಅಚ್ಚುಕಟ್ಟಾದ ಇಲಿ ಬಿಡಿಸಿ ತೋರಿಸಿದಳು. ಯಾರೂ ಒಪ್ಪಲಿಲ್ಲ. "ಇದು ಒಳ್ಳೇ ಮನೆತನದ ಇಲಿ ಆಯ್ತು. ಆ ಕಳ್ಳ ಇಲಿ ಬೇಕು" ಎಂದರು.

ಕೊನೆಗೆ ನನಗೆ ಬುಲಾವ್ ಬಂತು. ಮಿಲ್ಲಿಗೆ ರಜೆ ಹಾಕಿ ಪಾಲಾಕ್ಷನ ಮನೆಯಲ್ಲಿ ಅದೇ ಚಾಪೆ, ಅದೇ ಪಂಚು, ಅದೇ ಗ್ರಾಫು. ಮುದ್ದೆಯನ್ನೂ ಹೊಟ್ಟೆ ಬಿರಿಯುವಂತೆ ಉಂಡೆ. ಕಣ್ಣು ಮುಚ್ಚಿ ಕುಟ್ಟಿದೆ, ಅರ್ಧ ತೆರೆದು ಕುಟ್ಟಿದೆ. ಪಾಲಾಕ್ಷ ಆ ಕಾರ್ಡುಗಳನ್ನು ಮಗ್ಗಕ್ಕೆ ಹಾಕಿ ಗೇಣುದ್ದ ನೇಯ್ದು, ಕೆಳಗೆ ಕನ್ನಡಿ ಹಿಡಿದ. ಮೂವರೂ ಬಗ್ಗಿ ನೋಡಿದೆವು.

ಹದಿನಾರು ಶೇಂಗಾ! ಕಿವಿಯಿಲ್ಲ, ಬಾಲವಿಲ್ಲ, ಒಂದೆಳೆಯೂ ಆಚೀಚೆಯಿಲ್ಲ.

ಮಂಗಳಗೌರಿ ಕನ್ನಡಿಯನ್ನು ಕೆಳಗಿಟ್ಟು ನನ್ನನ್ನು ನೋಡಿದಳು.

"ಒಂದು ತಪ್ಪನ್ನಾದ್ರೂ ಸರಿಯಾಗಿ ಮಾಡೋಕೆ ಬರಲ್ವಲ್ರೀ ನಿಮಗೆ!"