ಕರಟ ಬ್ಯಾಂಡಿನ ಅನುಮಾನದ ಅಣ್ಣ

ನನ್ನ ದೊಡ್ಡಪ್ಪನ ಮಗ ಕನ್ನಡಿ ಮುಂದೆ ನಿಂತರೂ ‘ಇವನ್ಯಾಕೆ ನನ್ನೇ ದುರುಗುಟ್ಕೊಂಡು ನೋಡ್ತಾವ್ನೆ?’ ಎಂದು ಅನುಮಾನಪಡುವ ಆಸಾಮಿ. ಇಂಥ ಅಣ್ಣ ಚನ್ನರಾಯಪಟ್ಟಣದಲ್ಲಿ ಪಂಕ್ ಬ್ಯಾಂಡ್ ಕಟ್ಟಿದ್ದ ಅಂದರೆ ನೀವು ನನ್ನನ್ನೇ ಅನುಮಾನಿಸುತ್ತೀರಿ. ಕಟ್ಟಿದ್ದು ನಿಜ! ಹೆಸರು ‘ಕರಟ’. ಹಾಡುಗಾರ ಅವನು, ಗಿಟಾರ್ ನಾನು, ಡ್ರಮ್ಸಿಗೆ ಹಳೇಕೋಟೆಯ ಗೆಳೆಯ. ಪಂಕ್ ಅಂದರೇನು ಅಂತೀರಾ? ಜೋರಾಗಿ ಅರಚಬೇಕು, ಕೇಳಿದವರಿಗೆ ಸಿಟ್ಟು ಬರಬೇಕು. ಎರಡನೆಯದು ನಮಗೆ ತಾಲೀಮಿಲ್ಲದೆಯೇ ಸಿದ್ಧಿಸಿತ್ತು.

ತಾಲೀಮಿನ ಜಾಗ, ಒಂದು ಕೊಬ್ಬರಿ ಗೋದಾಮು. ನಮ್ಮ ರಾಗ ಯಾರಾದರೂ ಕದ್ದಾರೆಂದು ಅಣ್ಣ ಕಿಟಕಿಗೆಲ್ಲ ಗೋಣಿಚೀಲ ಹೊಡೆದಿದ್ದ. (ರಾಗ ಅಂತ ಒಂದಿದ್ದರೆ ತಾನೇ!) ಹೊರಗೆ ಕಾಯಿ ಒಡೆಯುತ್ತಿದ್ದ ಅಜ್ಜಿಯ ಮಚ್ಚಿನೇಟು ಒಂದು ದಿನ ನಮ್ಮ ಡ್ರಮ್ಸಿಗೆ ಸರಿಯಾಗಿ ಕೂಡಿಬಿಟ್ಟಿತು.

“ಲೇ, ಆ ಯಮ್ಮ ನಮ್ ತಾಳ ಕದೀತಾವ್ಳೆ ಕಣ್ಲಾ!” ಎಂದು ಅಣ್ಣ ಹೊರಗೋಡಿದ.

ಅಜ್ಜಿ ತಲೆಯನ್ನೂ ಎತ್ತಲಿಲ್ಲ. “ನಿಮ್ಮಪ್ಪ ಹುಟ್ಟಕ್ ಮುಂಚಿಂದ ಇಂಗೇ ಒಡೀತಿವ್ನಿ. ಕದ್ದೋರು ಯಾರ್ಲಾ?”

ಹೊಳೆನರಸೀಪುರದ ಗಣೇಶನ ಪೆಂಡಾಲಿನಲ್ಲಿ ಮೊದಲ ಹಾಡಿಗೇ ಭರ್ಜರಿ ಚಪ್ಪಾಳೆ. ಅಣ್ಣನ ಮುಖ ಕಪ್ಪಿಟ್ಟಿತು. ಪಂಕ್ ಕೇಳಿ ಜನ ಖುಷಿಪಡುವುದೇ? ಇದರಲ್ಲೇನೋ ಮಸಲತ್ತಿದೆ! ಮೈಕಿನಲ್ಲೇ ಗುಡುಗಿದ: “ಯಾಕ್ರೀ ತಟ್ಟಿದ್ದು?”

ಮುಂದೆ ಕೂತಿದ್ದ ಹಿರಿಯರೊಬ್ಬರು ಎದ್ದು, “ಮುಗೀತಲ್ಲ ಅಂತ ಸಾ,” ಎಂದರು. ಆಗಲೇ ಅವನ ಮುಖಕ್ಕೆ ಕಳೆ ಬಂದದ್ದು!

ಅರಕಲಗೂಡಿನ ಕಾರ್ಯಕ್ರಮದಲ್ಲಿ ಮಾತ್ರ ಡ್ರಮ್ಸ್ ಗೆಳೆಯ ಪದೇಪದೇ ತಾಳ ತಪ್ಪಿದ. ಆಮೇಲೆ ತಾಲೀಮಿಗೂ ಚಕ್ಕರ್. ಅಣ್ಣನಿಗೆ ಇಷ್ಟು ಸಾಕಲ್ಲ?

“ಆಸನ್ದಲ್ಲಿ ಯಾವ್ದೋ ಮದ್ವೆ ಆರ್ಕೆಸ್ಟ್ರಾ ಸೇರ್ಕಂಡವ್ನೆ, ದ್ರೋಹಿ! ನಡಿ, ಇಡಿಯಾನ.”

ಗೆಳೆಯ ಹತ್ತಿದ ಹಾಸನದ ಬಸ್ಸನ್ನೇ ನಾವೂ ಹತ್ತಿ ಹಿಂದೆ ಕೂತೆವು. ಗುರುತು ಸಿಗಬಾರದೆಂದು ಅಣ್ಣ ಮಂಕಿಕ್ಯಾಪ್ ಹಾಕಿದ್ದ, ಸುಡುಬಿಸಿಲಲ್ಲಿ! ಗೆಳೆಯನೊಬ್ಬನನ್ನು ಬಿಟ್ಟು ಇಡೀ ಬಸ್ಸು ನಮ್ಮನ್ನೇ ನೋಡುತ್ತಿತ್ತು.

ಹಾಸನದಲ್ಲಿಳಿದು ಅವನು ಹೊಕ್ಕಿದ್ದು ಕಿವಿ ಡಾಕ್ಟರ ಕೋಣೆ. ನಾವು ಬಾಗಿಲ ಮರೆಯಲ್ಲಿ ನಿಂತೆವು. ಅಲ್ಲಿ ಗುಟ್ಟೆಂಬುದೇ ಇರುವುದಿಲ್ಲ. ಕೇಳಿಸದವರಿಗೆ ಕೂಗಿಯೇ ಹೇಳಬೇಕಲ್ಲ!

“ಬಲಗಿವಿ ಹೋಗಿದೆ. ಡ್ರಮ್ಸ್ ಬಿಡದಿದ್ರೆ ಎಡಗಿವೀನೂ ಹೋಗುತ್ತೆ!”

“ನಾನ್ ಬುಟ್ರೆ ಬ್ಯಾಂಡೇ ನಿಂತೋಯ್ತದೆ ಸಾ. ನಮ್ ಹಾಡೋ ಅಣ್ಣಂಗೆ ಅದೇ ಜೀವ,” ಎಂದಿತು ಗೆಳೆಯನ ದನಿ.

ಅಣ್ಣ ಟೋಪಿ ಕಿತ್ತ. ಅವನಿಗೆ ಕಾಣಿಸಿಕೊಳ್ಳದೆ ನನ್ನನ್ನು ಎಳೆದುಕೊಂಡು ಹೊರಬಂದ. ವಾಪಸು ಬರುವಾಗ ಕಂಡಕ್ಟರನ್ನೂ ಅನುಮಾನಿಸಲಿಲ್ಲ.

ಮುಂದಿನ ತಾಲೀಮಿಗೆ ಕುತ್ತಿಗೆಗೆ ಮಫ್ಲರ್ ಸುತ್ತಿ ಬಂದ. “ಗಂಟ್ಲು ಓಯ್ತು ಕಣ್ಲಾ. ಇನ್ ಅರಚ್ಬ್ಯಾಡ ಅಂತ ಡಾಕ್ಟ್ರು ಅಂದವ್ರೆ. ಬ್ಯಾಂಡ್ ಮುಚ್ಚಾನ,” ಎಂದು ಗೊಗ್ಗರು ದನಿಯಲ್ಲಿ ಹೇಳಿದ. ಗೆಳೆಯ ಕಣ್ಣೊರೆಸಿಕೊಂಡು, “ನಿನ್ ಗಂಟ್ಲೇ ಮುಖ್ಯ ಕಣಣ್ಣ,” ಎಂದು ಕೋಲು ಕೆಳಗಿಟ್ಟ. ನಮ್ಮ ಕರಟ ಅಲ್ಲಿಗೆ ಮುಗಿಯಿತು.

ಇಂದಿಗೂ ತೆಂಗಿನಕಾಯಿ ಮಂಡಿಯಲ್ಲಿ ಅಣ್ಣನ ಕೂಗು ಹೈವೇವರೆಗೆ ಕೇಳುತ್ತದೆ. ಆದರೆ ಟೀ ಅಂಗಡಿಗೆ ಆ ಗೆಳೆಯ ಬಂದನೆಂದರೆ ದನಿ ತಟ್ಟನೆ ಗೊಗ್ಗರಾಗುತ್ತದೆ. ಆ ದನಿ ಗೆಳೆಯನಿಗೆ ಕೇಳಿಸಬೇಕಲ್ಲ? ಅದಕ್ಕೇ ಅಣ್ಣ ಅವನ ಎಡಗಡೆಗೆ ಒತ್ತಿಕೊಂಡು ಕೂತು, ಕಿವಿಗೆ ಬಾಯಿ ಹಚ್ಚಿ, ಮೆಲ್ಲಗೆ ಮಾತಾಡುತ್ತಾನೆ.