ಘಂಕಾರಿಗೆ ಕಾಲು ತಾಗಿಸಬಾರದು

ಬೈಯುವವರ ಮೇಲೆ ನನಗೆ ಅಷ್ಟೊಂದು ಸಿಟ್ಟು ಬರುವುದಿಲ್ಲ. ಬೈದವರಿಗೆ ತಿರುಗಿ ನಾಲ್ಕು ಬೈದರೆ ಅಲ್ಲಿಗೆ ಮುಗಿಯಿತು, ಹೊಟ್ಟೆ ತುಂಬ ಉಂಡು ಮಲಗಬಹುದು. ಗೌರವ ಕೊಡುವವರನ್ನು ಕಂಡರೆ ಮಾತ್ರ ನನ್ನ ಮೈಯೆಲ್ಲ ಉರಿಯುತ್ತದೆ. ಅವರನ್ನು ಏನು ಮಾಡುವುದು ಹೇಳಿ? ಹೆಗಲಿಗೆ ಶಾಲು ಹೊದಿಸಿ, ಮಡಿಲಲ್ಲಿ ಹಣ್ಣಿನ ಬುಟ್ಟಿ ಇಟ್ಟು, ಕೈಗೆ ಸ್ಮರಣಿಕೆ ಹಿಡಿಸಿ ಕುರ್ಚಿಯಲ್ಲಿ ಕೂರಿಸಿದರೆ ಎದ್ದು ಹೋಗಲಿಕ್ಕೂ ಉಪಾಯವಿಲ್ಲ. ನಮ್ಮ ಬಂಟ್ವಾಳ, ಬೆಳ್ತಂಗಡಿ, ಮೂಡಬಿದಿರೆ ಕಡೆ ಇನ್ನೂ ಸನ್ಮಾನ ಆಗದೆ ಉಳಿದವರನ್ನು ಹುಡುಕಿ ತಂದು ಸನ್ಮಾನ ಮಾಡುವ ಪರಿಸ್ಥಿತಿ ಬಂದಿದೆ. ಹಾಗಾಗಿ ನನಗೂ ಒಂದು ಆಯಿತು. ಆ ಸಿಟ್ಟಿಗೆ ನಾನು ಇವತ್ತಿಗೂ ಹಲ್ಲು ಕಡಿಯುತ್ತಿದ್ದೇನೆ.

ನಾನು ಗುರುವಾಯನಕೆರೆಯ ಹತ್ತಿರದ ಒಂದು ಹೈಸ್ಕೂಲಿನಲ್ಲಿ ಕನ್ನಡ ಟೀಚರು. ವಾರ್ಷಿಕೋತ್ಸವದ ನಾಟಕ ಬರೆಯುವ ಕೆಲಸ ಪ್ರತಿ ವರ್ಷವೂ ನನ್ನ ತಲೆಗೇ ಕಟ್ಟಿದ್ದು. ಒಮ್ಮೆ ನಿದ್ದೆ ಬಾರದ ಒಬ್ಬ ರಾಕ್ಷಸನ ನಾಟಕ ಬರೆದೆ. ರಾತ್ರಿ ಕಳೆಯಲು ಅವನಿಗೊಂದು ವಾದ್ಯ ಬೇಕಿತ್ತು. ಚೆಂಡೆ ಕೊಟ್ಟರೆ ಯಕ್ಷಗಾನದವರು ತಪ್ಪು ಹುಡುಕುತ್ತಾರೆ, ವೀಣೆ ಕೊಟ್ಟರೆ ಸಂಗೀತದ ಟೀಚರು ಮಾತು ಬಿಡುತ್ತಾರೆ. ಯಾರ ಗೊಡವೆಯೂ ಬೇಡವೆಂದು ನಾನೇ ಒಂದು ವಾದ್ಯ ಹುಟ್ಟಿಸಿ ಘಂಕಾರಿ ಎಂದು ಹೆಸರಿಟ್ಟೆ. ಹಂಡೆಯ ಹೊಟ್ಟೆ, ಹಲಸಿನ ಮರದ ಕತ್ತು, ಮೂರು ತಂತಿ, ಅಡಿಯಲ್ಲಿ ಕಾಲಿನಿಂದ ಒತ್ತುವ ತಿದಿ. ಕೈ ತಂತಿ ಮೀಟುತ್ತಿರುವಾಗ ಕಾಲು ಒತ್ತಿದ ಗಾಳಿಗೆ ಹಂಡೆ ಘೂಂ ಎನ್ನುತ್ತಿರಬೇಕು. ರಂಗದ ಮೇಲೆ ಇದ್ದದ್ದು ರಟ್ಟಿನದು, ಸ್ವರ ಬಂದದ್ದು ಪರದೆಯ ಹಿಂದಿನ ಕೀಬೋರ್ಡಿನಿಂದ. ಮಕ್ಕಳು ನಕ್ಕರು, ಚಪ್ಪಾಳೆ ಬಿತ್ತು.

ಅಲ್ಲಿಗೆ ಬಿಡಬಹುದಿತ್ತು. ಆದರೆ ವಿಜ್ಞಾನದ ಹಮೀದ್ ಮಾಸ್ಟ್ರು ಬಿಡಬೇಕಲ್ಲ! ಮರುದಿನ ಸ್ಟಾಫ್ ರೂಮಿನಲ್ಲಿ ಎಲ್ಲರೆದುರು, "ನಾಟಕ ಲಾಯಕ್ ಉಂಟು ಟೀಚರೇ. ಆದ್ರೆ ಆ ವಾದ್ಯದಿಂದ ಸ್ವರ ಹೊರಡ್ಲಿಕ್ಕೆ ಸಾಧ್ಯವೇ ಇಲ್ಲ. ಗಾಳಿ ಹಂಡೆಯೊಳಗೆ ಹೋಗಿ ಸುಮ್ಮನೆ ಕೂತ್ಕೊಳ್ತದೆ ಅಷ್ಟೆ" ಎಂದರು. ರಾಕ್ಷಸ ಮಾತಾಡಿದ್ದಕ್ಕೆ ಅವರ ತಕರಾರಿಲ್ಲ, ಮೋಡದ ಮೇಲೆ ಚಾಪೆ ಹಾಸಿ ಮಲಗಿದ್ದಕ್ಕೂ ಇಲ್ಲ. ನನ್ನ ಘಂಕಾರಿಯೊಂದೇ ಕಣ್ಣಿಗೆ ಚುಚ್ಚಿದ್ದು! "ಮಾಡಿ ತೋರಿಸ್ತೇನೆ ನೋಡಿ" ಎಂದು ಎಲ್ಲರೆದುರೇ ಹೇಳಿಬಿಟ್ಟೆ. ಸಿಟ್ಟಿನಲ್ಲಿ ನನ್ನ ಬಾಯಿಂದ ಬಂದ ಮಾತುಗಳನ್ನೆಲ್ಲ ನಡೆಸಿಕೊಡಬೇಕಾಗಿ ಬಂದು ನಾನು ಡ್ರೈವಿಂಗ್ ಕಲಿತಿದ್ದೇನೆ, ಚಕ್ಕುಲಿ ಕಲಿತಿದ್ದೇನೆ. ಈಗ ಇದೊಂದು.

ಗೀಸರ್ ಬಂದ ಮೇಲೆ ಹಿತ್ತಿಲಲ್ಲಿ ಮಗುಚಿ ಬಿದ್ದಿದ್ದ ತಾಮ್ರದ ಹಂಡೆಯನ್ನು ತಿಕ್ಕಿ ತೆಗೆದೆ. ಮೂಡಬಿದಿರೆಯ ಬಡಗಿ ಸಂಜೀವ ಆಚಾರ್ರು ನಾನು ಬಿಡಿಸಿದ ಘಂಕಾರಿಯ ಚಿತ್ರವನ್ನು ಮೇಲೆ ಕೆಳಗೆ ತಿರುಗಿಸಿ, "ಇದು ತೊಟ್ಟಿಲಾ ಅಮ್ಮ, ಅಲ್ಲ ಟಿವಿ ಇಡುವ ಸ್ಟ್ಯಾಂಡಾ?" ಎಂದು ಕೇಳಿದರು. ನಮ್ಮ ಮನೆಯವರಿಗೆ ಬಿ.ಸಿ. ರೋಡಿನಲ್ಲಿ ಬೈಕಿನ ಬಿಡಿಭಾಗಗಳ ಅಂಗಡಿ ಇರುವುದರಿಂದ ತಿದಿಗೆ ಟ್ಯೂಬಿನ ರಬ್ಬರು ಸಿಕ್ಕಿತು. ಮೊದಲ ಸಲ ಒತ್ತಿದಾಗ ಬಸ್ಸಿನ ಟಯರು ಪಂಕ್ಚರ್ ಆದಂಥ ಸ್ವರ ಬಂತು. ಇನ್ನೊಮ್ಮೆ ಒತ್ತಿದಾಗ ಪಕ್ಕದ ಮನೆಯವರು ಓಡಿ ಬಂದು ಯಾರಿಗೆ ಉಬ್ಬಸ ಎಂದು ಕೇಳಿದರು. ಹಂಡೆಯನ್ನು ಒದ್ದೆ. ಕಾಲಿಗೇ ಪೆಟ್ಟಾಯಿತು. ಕೊನೆಗೆ ಪಾಣೆಮಂಗಳೂರಿನ ಗುಜರಿ ಅಂಗಡಿಯಲ್ಲಿ ಸಿಕ್ಕಿದ ಹಾರ್ಮೋನಿಯಂ ರೀಡೊಂದನ್ನು ಹಂಡೆಯ ಬಾಯಿಗೆ ಕೂರಿಸಿ ಒತ್ತಿದಾಗ, ಅಬ್ಬಾ, ಬಂತು ನೋಡಿ ಘೂಂ ಎಂದು! ಅಡುಗೆಮನೆಯ ಲೋಟಗಳೂ ನಡುಗಿದವು. ನಾನು ಅಲ್ಲೇ ನೆಲದ ಮೇಲೆ ಕೂತು ಅತ್ತೆ. ಹಮೀದ್ ಮಾಸ್ಟ್ರು ಮನೆಗೇ ಬಂದು ಕೇಳಿ, "ರೀಡ್ ಹಾಕಿದ್ರೆ ಆಗ್ತದೆ ಬಿಡಿ, ನಿಮ್ಮ ನಾಟಕದಲ್ಲಿ ರೀಡ್ ಇರ್ಲಿಲ್ಲ" ಎಂದರು. ಸೋತವರು ಇನ್ನೇನು ಹೇಳಿಯಾರು?

ಇನ್ನು ನನಗಿದ್ದ ಆಸೆ ಒಂದೇ. ತುಂಬಿದ ಸಭೆಯಲ್ಲಿ ಒಮ್ಮೆ ಅದನ್ನು ನುಡಿಸಬೇಕು, ಇದು ನಾನೇ ಹುಟ್ಟಿಸಿದ್ದು ಎಂದು ಬಾಯಿ ತುಂಬ ಹೇಳಬೇಕು. ಆದ್ದರಿಂದ ಘಂಕಾರಿಯ ಸುದ್ದಿ ಕೇಳಿ ಪಾಣೆಮಂಗಳೂರಿನ ಒಂದು ಸಂಘದವರು ಸನ್ಮಾನಕ್ಕೆ ಕರೆದಾಗ ಎರಡು ಮಾತಿಲ್ಲದೆ ಒಪ್ಪಿದೆ. ಮಧ್ಯಾಹ್ನವೇ ಅವರ ಪಿಕಪ್ ಬಂದು ಘಂಕಾರಿಯನ್ನು ಕೊಂಡುಹೋಯಿತು. ಸಂಜೆ ನಾನು ಪಟ್ಟೆ ಸೀರೆ ಉಟ್ಟು ಹೋಗಿ ನೋಡುತ್ತೇನೆ, ಹಂಡೆಗೆ ಅರಸಿನ ಕುಂಕುಮ, ಕತ್ತಿಗೆ ಮಲ್ಲಿಗೆ, ಎದುರಿಗೆ ದೀಪ ಮತ್ತು ಒಡೆದ ತೆಂಗಿನಕಾಯಿ! ನಿರೂಪಕರು "ನಮ್ಮ ಪೂರ್ವಜರ ಮರೆತುಹೋದ ವಾದ್ಯಕ್ಕೆ ಮರುಜೀವ ಕೊಟ್ಟ ಸಂಶೋಧಕಿ" ಎಂದು ನನ್ನನ್ನು ಕರೆದರು. ನಾನು ಮೈಕಿಗೆ ಬಾಯಿ ಹಾಕಿ, "ಪೂರ್ವಜರದ್ದು ಅಲ್ಲ, ಇದು ನನ್ನ ಕಲ್ಪನೆ" ಎಂದೆ. ಸಭೆ ಚಪ್ಪಾಳೆ ತಟ್ಟಿತು. ಮುಂಬಯಿಯಲ್ಲಿ ಹೊಟೇಲು ನಡೆಸಿ ಊರಿಗೆ ಮರಳಿದ ಅಧ್ಯಕ್ಷ ವಿಠಲ ಶೆಟ್ರು ಎದ್ದು, "ಟೀಚರಿಗೆ ವಿನಯ ಜಾಸ್ತಿ. ನಮ್ಮ ಅಜ್ಜನ ಮನೆಯ ಉಪ್ಪರಿಗೆಯಲ್ಲೇ ಒಂದು ಘಂಕಾರಿ ಇತ್ತು. ನಾನು ಸಣ್ಣವ ಇರುವಾಗ ಕಂಡಿದ್ದೇನೆ" ಎಂದರು. ಸಾಯಲಿ, ಮೊದಲು ನುಡಿಸುವ ಎಂದು ನಾನು ಕುರ್ಚಿ ಎಳೆದು ಕೂತು, ಚಪ್ಪಲಿ ಕಳಚಿ, ತಿದಿಯ ಮೇಲಿಡಲು ಕಾಲೆತ್ತಿದೆ.

"ಅಯ್ಯಯ್ಯೋ ಟೀಚರೇ!" ಎಂದು ಶೆಟ್ರು ಓಡಿ ಬಂದರು. "ಕಾಲು ತಾಗಿಸ್ಬೇಡಿ ಮಾರಾಯ್ರೆ, ಪೂಜೆ ಆಗಿದೆ."

"ಇದನ್ನು ಕಾಲಿನಲ್ಲೇ ನುಡಿಸುವುದು ಶೆಟ್ರೇ!"

"ನಮ್ಮ ಅಜ್ಜನದ್ದು ಕೈಯಲ್ಲಿ ಒತ್ತುವುದಿತ್ತು. ಅದು ಕ್ರಮ."

ನನ್ನ ಮನಸ್ಸಿನಲ್ಲಿ ಹುಟ್ಟಿದ ವಾದ್ಯಕ್ಕೆ ಇವರ ಅಜ್ಜ ಕ್ರಮ ಹೇಳುವುದೇ? ಆಯುಧಪೂಜೆಯ ದಿನ ಬಸ್ಸಿಗೆ ಮಾಲೆ ಹಾಕಿ ಕೈಮುಗಿದ ಡ್ರೈವರು ಮತ್ತೆ ಕ್ಲಚ್ಚು ತುಳಿಯುವುದಿಲ್ಲವೇ, ಕೈಯಲ್ಲಿ ಒತ್ತುತ್ತಾನೆಯೇ ಎಂದು ಮೈಕಿನಲ್ಲೇ ಕೇಳಿದೆ. "ಬಸ್ಸು ಬೇರೆ, ಇದು ಬೇರೆ" ಎಂದರು. ಎದುರಿನ ಸಾಲಿನ ಹೆಂಗಸರು ಲೊಚಗುಟ್ಟಿದರು. ನನಗೊಂದು ಶಾಲು, ಘಂಕಾರಿಗೊಂದು ಶಾಲು ಹೊದಿಸಿ ಇಬ್ಬರನ್ನೂ ಒಟ್ಟಿಗೆ ನಿಲ್ಲಿಸಿ ಫೋಟೊ ತೆಗೆದರು. ಇಬ್ಬರ ಸ್ವರವೂ ಹೊರಡಲಿಲ್ಲ. ಅಷ್ಟು ಒದ್ದಾಡಿ ಮಾಡಿದ್ದನ್ನು ಸಭೆಯಲ್ಲಿ ಒಬ್ಬರೂ ಕೇಳಲಿಲ್ಲವಲ್ಲ ಎಂದು ದಾರಿಯುದ್ದಕ್ಕೂ ಅಳು ನುಂಗಿಕೊಂಡು ಮನೆಗೆ ಬಂದೆ.

ಮರುದಿನ ಭಾನುವಾರ. ತಡೆಯಲು ಶೆಟ್ರಿಲ್ಲ, ಲೊಚಗುಟ್ಟಲು ಹೆಂಗಸರಿಲ್ಲ. ರಾತ್ರಿಯೇ ಪಿಕಪ್‌ನವರು ಜಗಲಿಯಲ್ಲಿ ಇಳಿಸಿ ಹೋಗಿದ್ದ ಘಂಕಾರಿಯ ಎದುರು ಕೂತು ಕಾಲೆತ್ತಿದೆ. ಹಂಡೆಯ ಮೇಲೆ ಕುಂಕುಮ ಹಾಗೇ ಇತ್ತು. ಇದು ನಾವು ಸ್ನಾನಕ್ಕೆ ನೀರು ಕಾಯಿಸುತ್ತಿದ್ದ ಹಂಡೆ ಎಂದು ಕಾಲಿಗೆ ಬುದ್ಧಿ ಹೇಳಿದೆ. ಕಾಲು ಕೇಳಬೇಕಲ್ಲ! ಹೆಬ್ಬೆರಳು ತಿದಿಗೆ ತಾಗಿತೋ ಇಲ್ಲವೋ, ನನ್ನ ಬಲಗೈ ತಾನಾಗಿ ಬಗ್ಗಿ ಅದನ್ನು ಮುಟ್ಟಿ ಕಣ್ಣಿಗೊತ್ತಿಕೊಂಡಿತು. ಆ ಕೈಯನ್ನು ಕಡಿದು ಹಾಕುವಷ್ಟು ಸಿಟ್ಟು ಬಂತು. ಚಾ ಕುಡಿಯುತ್ತ ಇದನ್ನೆಲ್ಲ ನೋಡುತ್ತಿದ್ದ ಮನೆಯವರು ಲೋಟ ಕೆಳಗಿಟ್ಟು, ನೆಲದಲ್ಲಿ ಚಕ್ಕಳಮಕ್ಕಳ ಕೂತು ಎರಡೂ ಕೈಯಿಂದ ತಿದಿ ಒತ್ತಿದರು. ನಾನು ತಂತಿ ಮೀಟಿದೆ. ಘೂಂ ಎಂದು ಊರಿಗೇ ಕೇಳುವ ಹಾಗೆ ಹೊರಟಿತು.

ಸ್ವರ ಕೇಳಿ ಗೇಟು ತೆಗೆದು ಒಳಗೆ ಬಂದವರು ಹಮೀದ್ ಮಾಸ್ಟ್ರು. ಬೆವರು ಸುರಿಸುತ್ತಿದ್ದ ಮನೆಯವರನ್ನೂ ನನ್ನನ್ನೂ ನೋಡಿ, "ಎಂತ ಟೀಚರೇ, ನಿಮ್ಮ ನಾಟಕದಲ್ಲಿ ರಾಕ್ಷಸ ಕಾಲಲ್ಲಿ ಅಲ್ಲವಾ ಒತ್ತುವುದು?" ಎಂದು ಕೇಳಿದರು.

ನನಗೆ ಸಿಟ್ಟು ನೆತ್ತಿಗೇರಿತು.

"ರಾಕ್ಷಸನಿಗೆ ಕ್ರಮ ಗೊತ್ತುಂಟಾ ಮಾಸ್ಟ್ರೇ?" ಎಂದೆ.